ಹೂ ನೂರು, ಕಾಯಿ ಮೂರು: ಉಪ್ಪಿನಕಾಯಿ ಸೌತೆ ಕೈಕೊಡುವುದು ಎಲ್ಲಿ?

ಪ್ರಶ್ನೆ: ಉಪ್ಪುನೀರಿಗೆ ಹಾಕಲೆಂದೇ ಈ ಸಲ ಹಿತ್ತಲಲ್ಲಿ ‘ಬಾಸ್ಟನ್ ಪಿಕ್ಲಿಂಗ್’ ಎಂಬ ಹಳೆ ತಳಿಯ ಸೌತೆ ಬೆಳೆಸಿದ್ದೇನೆ. ಎಂಟು ಬಳ್ಳಿ ಇವೆ. ಮೊದಲ ಹತ್ತು ದಿನ ಬರೀ ಹೂವು, ಒಂದೂ ಕಾಯಿ ಕಚ್ಚಲಿಲ್ಲ. ಆಮೇಲೆ ಬಂದವುಗಳಲ್ಲಿ ಅರ್ಧ ಸೊಟ್ಟ: ಒಂದು ತುದಿ ದಪ್ಪ, ಇನ್ನೊಂದು ತುದಿ ಸೊಣಕಲು. ಕೆಲವು ಕಹಿ. ವಾರವೆಲ್ಲ ಕೆಲಸ, ಹಾಗಾಗಿ ಭಾನುವಾರ ಬುಟ್ಟಿ ಹಿಡಿದು ಹೋಗಿ ಒಟ್ಟಿಗೆ ಕೀಳುತ್ತೇನೆ. ಜಾಡಿಗೆ ಹಾಕಿದ ಮೇಲೆ ಒಳಗೆ ಟೊಳ್ಳಾಗಿ ಮೆತ್ತಗಾಗುತ್ತಿವೆ. ಪಕ್ಕದಲ್ಲಿ ಕರಬೂಜ ಹಾಕಿದ್ದರಿಂದಲೇ ಕಹಿ ಬಂತು, ಹಳೆ ತಳಿ ಬಿಟ್ಟು ಹೈಬ್ರಿಡ್ ಹಾಕಿ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಬದಲಿಸಬೇಕಾ? ಬದಲಿಸದಿದ್ದರೆ ಬೀಜ ಹೇಗೆ ಉಳಿಸಿಕೊಳ್ಳುವುದು?

ಉತ್ತರ: ತಳಿ ಬದಲಿಸುವ ಮಾತು ಸದ್ಯಕ್ಕೆ ಬಿಡಿ. ನಿಮ್ಮ ತೊಂದರೆಗಳಲ್ಲಿ ಒಂದೂ ಬರೀ ಬೀಜದಿಂದ ಬಂದದ್ದಲ್ಲ. ಪ್ರಶ್ನೆ ಓದುತ್ತಾ ನಾನು ನಿಂತದ್ದು ಒಂದು ಸಾಲಿನ ಹತ್ತಿರ: ‘ಭಾನುವಾರ ಒಟ್ಟಿಗೆ ಕೀಳುತ್ತೇನೆ.’ ಅಲ್ಲೇ ಇದೆ ಮುಕ್ಕಾಲು ಉತ್ತರ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಹೂವಿನ ವಿಷಯ ಮುಗಿಸೋಣ.

ಮೊದಲ ಹತ್ತು ದಿನ ಕಾಯಿ ಬರಲಿಲ್ಲ ಅಂದಿರಲ್ಲ, ಅದು ತೊಂದರೆಯೇ ಅಲ್ಲ. ಹಳೆ ತಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿ ಬೇರೆ ಬೇರೆಯಾಗಿ ಬಿಡುತ್ತವೆ. ಮೊದಲು ಬರುವುದು ಗಂಡು. ವಾರ, ಹತ್ತು ದಿನ ಬರೀ ಅವೇ ಅರಳಿ ಉದುರುತ್ತವೆ. ಆಮೇಲೆ ಹೆಣ್ಣು ಹೂ ಶುರುವಾಗುತ್ತದೆ. ಆಗಲೂ ಒಂದು ಹೆಣ್ಣಿಗೆ ಹತ್ತು, ಇಪ್ಪತ್ತು ಗಂಡು ಇರುವುದು ಮಾಮೂಲು. ಸೆಕೆ ಜಾಸ್ತಿಯಾಗಿ ಹಗಲು ಉದ್ದವಾದಷ್ಟೂ ಗಂಡು ಹೂವಿನ ಪಾಲು ಹೆಚ್ಚುತ್ತದೆ. ಈಗಿನ ಎಷ್ಟೋ ಹೈಬ್ರಿಡ್‌ಗಳು ಹೆಚ್ಚುಕಡಿಮೆ ಬರೀ ಹೆಣ್ಣು ಹೂವನ್ನೇ ಬಿಡುವಂತೆ ತಯಾರಾದವು. ಅದಕ್ಕೇ ಅವು ಬೇಗ, ಒಟ್ಟೊಟ್ಟಿಗೆ ಕಾಯಿ ಕೊಡುತ್ತವೆ. ಹೊಲದ ತುಂಬ ಬೆಳೆದು ಒಂದೇ ದಿನ ಯಂತ್ರದಲ್ಲಿ ಕೀಳುವವರಿಗೆ ಅದು ಬೇಕು. ಎಂಟು ಬಳ್ಳಿಯವರಿಗೆ ಸ್ವಲ್ಪ ಸ್ವಲ್ಪವಾಗಿ ವಾರಗಟ್ಟಲೆ ಬರುವುದೇ ಅನುಕೂಲ.

ಸೊಟ್ಟ ಕಾಯಿಗೆ ಕಾರಣ ಪರಾಗ ಸಾಲದೆ ಹೋದದ್ದು. ನಾಳೆ ಬೆಳಗ್ಗೆ ಏಳೆಂಟು ಗಂಟೆಗೆ ಬಳ್ಳಿಯ ಹತ್ತಿರ ಹೋಗಿ ಒಂದು ಹೆಣ್ಣು ಹೂವನ್ನು ಹತ್ತಿರದಿಂದ ನೋಡಿ. ಹೂವಿನ ಹಿಂದೆ ಬೆರಳ ತುದಿಯಷ್ಟು ಹೀಚು ಇರುತ್ತದೆ, ಮೈಮೇಲೆ ಪುಟ್ಟ ಮುಳ್ಳುಗಳ ಸಮೇತ. ಹೂವಿನ ನಡುವೆ ಮೂರು ಭಾಗವಾಗಿ ಉಬ್ಬಿದ, ಸ್ವಲ್ಪ ಅಂಟಂಟಾದ ಹಳದಿ ಮೊಗ್ಗೆಯಂಥದ್ದು ಕಾಣುತ್ತದೆ. ಪರಾಗ ಬೀಳಬೇಕಾದದ್ದು ಅಲ್ಲಿ. ಕಾಯಿಯನ್ನು ಅಡ್ಡಕ್ಕೆ ಕೊಯ್ದರೆ ಬೀಜದ ಕೋಣೆ ಮೂರು ಕಾಣುತ್ತವೆ ಅಲ್ವಾ, ಆ ಮೂರಕ್ಕೂ ದಾರಿ ಇದೇ. ಒಳಗೆ ಬೀಜವಾಗಲಿರುವ ನೂರಾರು ಪುಟ್ಟ ಅಂಡಗಳು ಕಾದಿರುತ್ತವೆ. ಒಂದೊಂದಕ್ಕೂ ಒಂದೊಂದು ಪರಾಗದ ಕಣ ಬೇಕು. ಬೀಜ ಕಟ್ಟಿದ ಕಡೆ ಕಾಯಿ ಉಬ್ಬುತ್ತದೆ, ಕಟ್ಟದ ಕಡೆ ಸೊಣಕಲಾಗಿಯೇ ಉಳಿಯುತ್ತದೆ. ನಿಮ್ಮ ಸೊಟ್ಟ ಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ, ಗೊತ್ತಾಗುತ್ತದೆ.

ಸೌತೆಯ ಪರಾಗ ಭಾರ, ಅಂಟು. ಗಾಳಿಗೆ ಹಾರುವುದಿಲ್ಲ, ಜೇನು ಹೊತ್ತು ತರಬೇಕು. ಹೆಣ್ಣು ಹೂ ಅರಳಿರುವುದು ಒಂದೇ ದಿನ, ಅದರಲ್ಲೂ ಬೆಳಗಿನ ಹೊತ್ತೇ ಮುಖ್ಯ. ಅಷ್ಟರೊಳಗೆ ಜೇನುನೊಣ ಒಂದು ಸಲ ಬಂದು ಹೋದರೆ ಸಾಲದು, ಹತ್ತು ಸಲವಾದರೂ ಬರಬೇಕು. ಮೋಡ, ಮಳೆ ಇದ್ದ ದಿನ ಜೇನು ಗೂಡು ಬಿಡುವುದಿಲ್ಲ. ಆ ದಿನ ಅರಳಿದ ಹೂವಿನ ಗತಿ ಅಷ್ಟೇ: ಹೀಚು ಹಳದಿಯಾಗಿ ಉದುರುತ್ತದೆ, ಇಲ್ಲವೇ ಸೊಟ್ಟಗೆ ಬೆಳೆಯುತ್ತದೆ. ಬೆಳಗಿನ ಹೊತ್ತು ಯಾವ ಕೀಟನಾಶಕವನ್ನೂ ಹೊಡೆಯಬೇಡಿ, ಸಾವಯವ ಎಂದು ಹೆಸರಿದ್ದರೂ ಬೇಡ. ಬೇವಿನೆಣ್ಣೆಯೇ ಹೊಡೆಯಬೇಕೆಂದರೆ ಸಂಜೆ, ಹೂ ಮುದುಡಿದ ಮೇಲೆ.

ಜೇನು ಕಡಿಮೆ ಇದ್ದರೆ ಆ ಕೆಲಸ ನೀವೇ ಮಾಡಿ. ಹಿಂದೆ ಹೀಚಿಲ್ಲದೆ ಬರೀ ತೆಳು ತೊಟ್ಟಿರುವುದು ಗಂಡು ಹೂ. ಅಂಥ ಒಂದನ್ನು ಕಿತ್ತು ದಳಗಳನ್ನು ಹಿಂದಕ್ಕೆ ಮಡಚಿ ಹರಿಯಿರಿ. ಒಳಗಿನ ಹಳದಿ ತುದಿಯನ್ನು ಬೆರಳಿಗೆ ಒರೆಸಿದರೆ ಪುಡಿ ಅಂಟಬೇಕು. ಅಂಟಿದರೆ ಅದನ್ನು ಹೆಣ್ಣು ಹೂವಿನ ಆ ಮೂರೂ ಉಬ್ಬಿಗೆ ಮೆಲ್ಲಗೆ ತಿಕ್ಕಿ. ಒಂದು ಹೆಣ್ಣಿಗೆ ಎರಡು ಗಂಡು ಹೂ ಬಳಸಿದರೆ ಒಳ್ಳೆಯದು. ಎಂಟು ಬಳ್ಳಿಗೆ ಹತ್ತು ನಿಮಿಷದ ಕೆಲಸ.

ಇನ್ನು ನಿಮ್ಮ ಗೆಳೆಯರ ಕರಬೂಜದ ಮಾತು. ಇದನ್ನು ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ, ಆದರೂ ಅದು ನಿಜವಲ್ಲ. ಸೌತೆ, ಕರಬೂಜ ಎರಡೂ ದೂರದ ನೆಂಟರು. ಒಂದರ ಪರಾಗ ಇನ್ನೊಂದಕ್ಕೆ ಬಿದ್ದರೂ ಕಾಯಿ ಕಚ್ಚುವುದಿಲ್ಲ. ಸೌತೆ ಕೂಡುವುದು ಸೌತೆಯ ಜತೆ ಮಾತ್ರ. ಅಲ್ಲಿಯೂ ಬೆರಕೆಯ ಗುಣ ಕಾಣುವುದು ಬೀಜದಲ್ಲಿ, ಅಂದರೆ ಮುಂದಿನ ಪೈರಿನಲ್ಲಿ. ಈ ಸಲ ಕೀಳುವ ಕಾಯಿಯ ರುಚಿ ತಾಯಿ ಬಳ್ಳಿಯದೇ. ಕರಬೂಜ ಅಲ್ಲೇ ಇರಲಿ ಬಿಡಿ.

ಹಾಗಾದರೆ ಕಹಿ ಎಲ್ಲಿಂದ ಬಂತು? ಅದು ಬಳ್ಳಿಯ ಸ್ವಂತ ಆಸ್ತಿ. ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಸೌತೆಯ ಎಲೆ, ಕಾಂಡಗಳಲ್ಲಿ ಇದ್ದೇ ಇರುತ್ತದೆ. ಎಲೆ ತಿನ್ನುವ ಹುಳ, ಪ್ರಾಣಿಗಳನ್ನು ದೂರವಿಡಲು ಗಿಡ ಮಾಡಿಕೊಂಡ ಏರ್ಪಾಡು ಅದು. ಬಳ್ಳಿ ನೆಮ್ಮದಿಯಾಗಿದ್ದಾಗ ಕಾಯಿಗೆ ಅಷ್ಟಾಗಿ ಇಳಿಯುವುದಿಲ್ಲ. ನೀರು ಕಡಿಮೆಯಾಗಿ ಬಿಸಿಲು ಜಾಸ್ತಿಯಾದಾಗ, ಅಥವಾ ರಾತ್ರಿ ಇದ್ದಕ್ಕಿದ್ದಂತೆ ಚಳಿ ಬಿದ್ದಾಗ ಇಳಿಯುತ್ತದೆ. ಅದೂ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಜಾಸ್ತಿ. ಹೊಸ ತಳಿಗಳಲ್ಲಿ ಎಷ್ಟೋ ಕಡೆ ಈ ಕಹಿಯ ಗುಣವನ್ನೇ ತೆಗೆದಿದ್ದಾರೆ. ಹಳೆಯವುಗಳಲ್ಲಿ ಅದು ಉಳಿದಿದೆ, ಹಾಗಾಗಿ ನೀರಿನ ಲೆಕ್ಕ ತಪ್ಪಿದರೆ ಇವು ಬೇಗ ತೋರಿಸಿಕೊಡುತ್ತವೆ. ತೀರಾ ಕಹಿಯಾದ ಕಾಯಿ ಸಿಕ್ಕರೆ ಉಗುಳಿ ಎಸೆಯಿರಿ, ಹಾಳಾಗುತ್ತದೆ ಅಂತ ತಿನ್ನಬೇಡಿ. ಹೊಟ್ಟೆ ಕೆಡುತ್ತದೆ.

ಭಾನುವಾರ ಧಾರಾಳವಾಗಿ ನೀರು ಬಿಟ್ಟು ವಾರದ ನಡುವೆ ಮರೆಯುತ್ತೀರಿ ಅಂತ ನನ್ನ ಊಹೆ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ. ಅದರ ಬೇರು ಮಾತ್ರ ಹೆಚ್ಚು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣು ಒಣಗಿದರೆ ಬಳ್ಳಿಗೂ ಬಾಯಾರಿಕೆ. ವಾರಕ್ಕೆ ಮಡಿಯ ಮೇಲೆ ಎರಡೂವರೆ ಸೆಂಟಿಮೀಟರ್ ನಿಲ್ಲುವಷ್ಟು ನೀರು ಬೇಕು, ಅಂದರೆ ಒಂದು ಚದರ ಮೀಟರಿಗೆ ಸುಮಾರು 25 ಲೀಟರ್. ಸೆಕೆಗಾಲದಲ್ಲಿ ಇನ್ನೂ ಜಾಸ್ತಿ. ಅದನ್ನು ಎರಡು ಮೂರು ಸಲಕ್ಕೆ ಹಂಚಿ, ಬುಡಕ್ಕೆ ಹಾಕಿ. ಎಲೆ ನೆನೆಸಬೇಡಿ. ಮೇಲೆ ಒಣಹುಲ್ಲನ್ನೋ ಒಣ ಎಲೆಯನ್ನೋ ನಾಲ್ಕು ಬೆರಳು ದಪ್ಪ ಹೊದಿಸಿ. ಮಣ್ಣಿನೊಳಗೆ ಬೆರಳು ಇಳಿಸಿದಾಗ ಎರಡನೇ ಗೆಣ್ಣಿನ ಹತ್ತಿರ ತಂಪಾಗಿದ್ದರೆ ಆ ದಿನ ನೀರು ಬೇಡ.

ಈಗ ಭಾನುವಾರಕ್ಕೆ ಬರೋಣ. ಉಪ್ಪಿನಕಾಯಿ ಸೌತೆಯನ್ನು ಬೇರೆ ತರಕಾರಿಯ ಹಾಗೆ ‘ಬೆಳೆದ ಮೇಲೆ’ ಕೀಳುವುದಲ್ಲ. ಬೆಳೆಯುವ ಮೊದಲೇ ಕೀಳುವುದು. ಹೂ ಅರಳಿ ನಾಲ್ಕರಿಂದ ಏಳು ದಿನಕ್ಕೆಲ್ಲ ಕಾಯಿ ಸಿದ್ಧ. ಇಡಿಯಾಗಿ ಜಾಡಿಗೆ ಹಾಕುವುದಾದರೆ ಐದರಿಂದ ಎಂಟು ಸೆಂಟಿಮೀಟರ್, ಸೀಳಿ ಹಾಕುವುದಾದರೆ ಹತ್ತರಿಂದ ಹನ್ನೆರಡು. ಬಿಸಿಲು, ನೀರು ಎರಡೂ ಸರಿಯಾಗಿದ್ದರೆ ಆ ಹಂತದ ಕಾಯಿ ಒಂದೇ ದಿನದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಬೆಳಗ್ಗೆ ‘ಇನ್ನೊಂದು ಚೂರು ಬೆಳೀಲಿ’ ಅಂತ ಬಿಟ್ಟದ್ದು ಮರುದಿನ ಕೈತುಂಬ ಇರುತ್ತದೆ. ಭಾನುವಾರದಿಂದ ಭಾನುವಾರಕ್ಕೆ ಬಿಟ್ಟರೆ ಬುಟ್ಟಿಯಲ್ಲಿ ಕೆಲವು ಸರಿ, ಕೆಲವು ಬಲಿತವು. ಬಲಿತದ್ದರ ಸಿಪ್ಪೆ ಗಟ್ಟಿ, ಬೀಜ ದಪ್ಪ, ನಡುವಿನ ತಿರುಳು ಬಿಟ್ಟುಕೊಂಡು ಟೊಳ್ಳಾಗಿರುತ್ತದೆ. ನಿಮ್ಮ ಜಾಡಿಯ ಟೊಳ್ಳಿನಲ್ಲಿ ಬಹುಪಾಲು ಬಳ್ಳಿಯಲ್ಲೇ ಆದದ್ದು.

ಇನ್ನೂ ಒಂದಿದೆ. ಬಳ್ಳಿಯ ಗುರಿ ನಮ್ಮ ಜಾಡಿ ಅಲ್ಲ, ಬೀಜ. ಒಂದು ಕಾಯಿ ಹಣ್ಣಾಗಲು ಶುರುವಾಯಿತು ಅಂದರೆ ಅದರ ಕೆಲಸ ಮುಗಿದ ಹಾಗೆ, ಹೊಸ ಹೀಚು ನಿಲ್ಲಿಸುತ್ತದೆ. ನಾನೇ ಒಂದು ವರ್ಷ ಹೀಗೆ ಮೋಸ ಹೋದೆ. ಚೆನ್ನಾಗಿ ಬಿಡುತ್ತಿದ್ದ ಬಳ್ಳಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಗೊಬ್ಬರ ಕೊಟ್ಟೆ, ನೀರು ಹೆಚ್ಚಿಸಿದೆ, ಎಲೆ ಮಗುಚಿ ಹುಳ ಹುಡುಕಿದೆ. ಹದಿನೈದು ದಿನ ಕಳೆದ ಮೇಲೆ ಬುಡದ ದೊಡ್ಡ ಎಲೆಯ ಅಡಿಯಲ್ಲಿ ನನ್ನ ಮುಷ್ಟಿಗಿಂತ ದಪ್ಪದ ಕಿತ್ತಳೆ ಹಳದಿ ಕಾಯಿ ಎರಡು ಮಲಗಿದ್ದವು. ಅವನ್ನು ತೆಗೆದ ಮೇಲೆ ವಾರದೊಳಗೆ ಹೊಸ ಹೀಚು ಬಂತು. ಅಂದಿನಿಂದ ಬಳ್ಳಿಯನ್ನು ನೆಲಕ್ಕೆ ಬಿಡುವುದಿಲ್ಲ, ಬಲೆಗೆ ಹಬ್ಬಿಸುತ್ತೇನೆ. ಕಾಯಿ ಕೆಳಕ್ಕೆ ನೇತಾಡುತ್ತದೆ, ಕಣ್ತಪ್ಪುವುದು ಕಡಿಮೆ.

ಬಾಸ್ಟನ್ ಪಿಕ್ಲಿಂಗ್‌ನಂಥ ಹಳೆ ತಳಿಗಳಲ್ಲಿ ಬೇಗ ಬೇಗ ಕೀಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಳೆಕಾಯಿಯ ಮೇಲಿನ ಮುಳ್ಳಿನ ಬಣ್ಣ ನೋಡಿ: ಕಪ್ಪು ಇರುತ್ತದೆ. ಕಪ್ಪು ಮುಳ್ಳಿನ ಸೌತೆ ಬಲಿಯುತ್ತಲೇ ಬೇಗ ಹಳದಿಗೆ ತಿರುಗುತ್ತದೆ. ಬಿಳಿ ಮುಳ್ಳಿನದು ಇನ್ನಷ್ಟು ದಿನ ಹಸಿರಾಗಿಯೇ ಇರುತ್ತದೆ. ಹೊಸ ತಳಿಗಳಲ್ಲಿ ಬಿಳಿ ಮುಳ್ಳು ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಹತ್ತೊಂಬತ್ತನೇ ಶತಮಾನದ ಈ ಬಾಸ್ಟನ್ ಆಗಲಿ, 1920ರ ದಶಕದಲ್ಲಿ ಬಂದ ‘ನ್ಯಾಷನಲ್ ಪಿಕ್ಲಿಂಗ್’ ಆಗಲಿ, ದಿನಾ ಕೀಳುವ ಕೈಗೆ ಹೊಂದಿದವು. ಇವುಗಳ ಸಿಪ್ಪೆ ತೆಳು, ಮೈ ಗಂಟುಗಂಟು, ತಿರುಳು ಗಟ್ಟಿ, ಉದ್ದ ದಪ್ಪದ ಸುಮಾರು ಮೂರು ಪಟ್ಟು. ಉಪ್ಪುನೀರು ಒಳಗೆ ಇಳಿಯಲು ಆ ತೆಳು ಸಿಪ್ಪೆಯೇ ಬೇಕು. ಫ್ರಾನ್ಸಿನ ಪುಟಾಣಿ ‘ಪ್ಯಾರಿಸ್’ ಸೌತೆಯನ್ನಂತೂ ಕಿರುಬೆರಳುದ್ದ ಇರುವಾಗಲೇ ಕೀಳುತ್ತಾರೆ.

ದಿನಾ ಆಗದಿದ್ದರೆ ದಿನ ಬಿಟ್ಟು ದಿನ. ಅದಕ್ಕಿಂತ ಜಾಸ್ತಿ ಅಂತರ ಬೇಡ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಐದು ನಿಮಿಷ ಸಾಕು, ಹೂವಿನ ಕೆಲಸವೂ ಆ ಹೊತ್ತಿಗೇ. ಎಳೆಯಬೇಡಿ, ಕತ್ತರಿಯಲ್ಲಿ ಚೂರು ತೊಟ್ಟು ಬಿಟ್ಟು ಕತ್ತರಿಸಿ. ಎಳೆದರೆ ಬಳ್ಳಿಯ ಬೇರೂ ಅಲುಗುತ್ತದೆ. ದಿನಕ್ಕೆ ಸಿಗುವುದು ಒಂದು ಹಿಡಿ, ಜಾಡಿ ತುಂಬುವುದಿಲ್ಲ ಅಲ್ವಾ? ಪರವಾಗಿಲ್ಲ. ಚಿಕ್ಕ ಜಾಡಿ ತೆಗೆದುಕೊಳ್ಳಿ. ಸೌತೆಯನ್ನು ಫ್ರಿಜ್ಜಿನಲ್ಲಿ ವಾರ ಇಟ್ಟು ಕೂಡಿಸುವುದು ಒಳ್ಳೆಯದಲ್ಲ. 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇದ್ದರೆ ಅದರ ಮೈ ನೀರು ನೀರಾಗುತ್ತದೆ, ಅಲ್ಲಲ್ಲಿ ಗುಳಿ ಬೀಳುತ್ತದೆ. ಕಿತ್ತ 24 ಗಂಟೆಯೊಳಗೆ ಉಪ್ಪುನೀರಿಗೆ ಬಿದ್ದ ಕಾಯಿಯೇ ಕೊನೆವರೆಗೂ ಕಚ್ಚಿದಾಗ ಕಟುಂ ಅನ್ನುವುದು.

ಮೆತ್ತಗಾಗುವುದಕ್ಕೆ ಇನ್ನೊಂದು ಕಾರಣ ಕಾಯಿಯ ಹೂವಿನ ತುದಿ. ಒಣಗಿದ ಹೂವಿನ ಚೂರಿನಲ್ಲಿ ಬೂಷ್ಟು ಸೇರಿರುತ್ತದೆ. ಅದರ ಕಿಣ್ವಗಳು ಕಾಯಿಯ ಗಟ್ಟಿತನವನ್ನು ಕರಗಿಸುತ್ತವೆ. ತೊಳೆಯುವಾಗ ಹೂವಿನ ತುದಿಯಿಂದ ಒಂದೂವರೆ ಮಿಲಿಮೀಟರಿನಷ್ಟು ತೆಳುವಾಗಿ ಕೊಯ್ದು ಎಸೆಯಿರಿ. ತೊಟ್ಟಿನ ಕಡೆಯಲ್ಲ, ಅದರ ಎದುರು ತುದಿ. ತುಂಬ ಜನ ಇದನ್ನು ಅದಲು ಬದಲು ಮಾಡುತ್ತಾರೆ. ತೊಳೆಯುವ ನೀರಿನಲ್ಲಿ ತೇಲಿದ ಕಾಯಿ ಒಳಗೆ ಟೊಳ್ಳು ಅಂತ ಅರ್ಥ, ಅದನ್ನು ಹೆಚ್ಚಿ ಬೇರೆ ಅಡುಗೆಗೆ ಬಳಸಿ. ಹುದುಗಿಸುವ ಉಪ್ಪುನೀರು ಲೀಟರಿಗೆ ಸುಮಾರು 50 ಗ್ರಾಂ ಉಪ್ಪು. ಕಾಯಿ ಪೂರ್ತಿ ಮುಳುಗಿರಬೇಕು, ಜಾಗ ತಂಪಾಗಿರಬೇಕು. ಸೆಕೆಯಲ್ಲಿ ಹುದುಗು ವೇಗವಾಗಿ ಬಂದರೆ ಗಾಳಿ ತುಂಬಿ ಒಳ್ಳೆ ಕಾಯಿಯೂ ಒಳಗೆ ಉಬ್ಬಿ ಟೊಳ್ಳಾಗುತ್ತದೆ.

ಹೈಬ್ರಿಡ್ ನಿಜವಾಗಿ ಗೆಲ್ಲುವುದು ಎಲ್ಲಿ ಅಂತಲೂ ಹೇಳಬೇಕು, ಇಲ್ಲದಿದ್ದರೆ ಒಂದೇ ಪಕ್ಷ ಹಿಡಿದಂತಾಗುತ್ತದೆ. ರೋಗದ ವಿಷಯದಲ್ಲಿ ಹಳೆ ತಳಿಗಳು ಸೋಲುತ್ತವೆ. ಬೂದಿ ರೋಗ, ಅಂದರೆ ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ, ಮತ್ತು ನರಗಳ ನಡುವೆ ಮೂಲೆ ಮೂಲೆಯಾಗಿ ಹಳದಿ ಮಚ್ಚೆ ಬಿದ್ದು ಅಡಿಯಲ್ಲಿ ಬೂದುಬಣ್ಣದ ತುಪ್ಪಳ ಕಾಣುವ ಡೌನಿ ಮಿಲ್ಡ್ಯೂ, ಎರಡಕ್ಕೂ ಬಾಸ್ಟನ್ ಬಳಿ ದೊಡ್ಡ ತಡೆಯೇನೂ ಇಲ್ಲ. ಹಾಗಂತ ಹೈಬ್ರಿಡ್‌ಗಳ ತಡೆಯೂ ಶಾಶ್ವತವಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ದಶಕಗಳ ಕಾಲ ಡೌನಿ ಮಿಲ್ಡ್ಯೂ ತಡೆದಿದ್ದ ತಳಿಗಳೇ 2004ರಲ್ಲಿ ಅದೇ ರೋಗಾಣುವಿನ ಹೊಸ ಬಗೆಗೆ ಸೋತವು. ಹಿತ್ತಲಲ್ಲಿ ನಾವು ಮಾಡಬಹುದಾದದ್ದು ಗಾಳಿ ಆಡುವಂತೆ ಬಳ್ಳಿಯಿಂದ ಬಳ್ಳಿಗೆ 30 ಸೆಂಟಿಮೀಟರ್ ಬಿಟ್ಟು ಮೇಲಕ್ಕೆ ಹಬ್ಬಿಸುವುದು, ಎಲೆ ಒಣಗಿರುವಂತೆ ನೋಡಿಕೊಳ್ಳುವುದು, ರೋಗ ಬಂದ ಬುಡದ ಎಲೆಗಳನ್ನು ಆಗಾಗ ತೆಗೆಯುವುದು. ಬೂದಿ ರೋಗಕ್ಕೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿದರೆ ಹಿಡಿತಕ್ಕೆ ಬರುತ್ತದೆ. ಇದು ಸುಮ್ನೆ ಕೇಳಿಬಂದ ಮಾತಲ್ಲ, ಸೌತೆಯ ನೆಂಟನಾದ ಜುಕಿನಿಯ ಮೇಲೆ ಬ್ರೆಜಿಲ್‌ನಲ್ಲಿ ಪರೀಕ್ಷೆ ಮಾಡಿ 1999ರಲ್ಲಿ ಪ್ರಕಟಿಸಿದ್ದಾರೆ. ಡೌನಿಗೆ ಮಾತ್ರ ಹಾಲನ್ನು ನೆಚ್ಚಿಕೊಳ್ಳಬೇಡಿ. ಎಲೆ ಮುದುರಿ ಹಸಿರು ಹಳದಿ ಕಲೆಗಳಾಗುವ ನಂಜು ರೋಗ ಬಂದರೆ ಬಳ್ಳಿಯನ್ನೇ ಕಿತ್ತುಬಿಡಿ. ಗಿಡಹೇನು ಅದನ್ನು ಪಕ್ಕದ ಬಳ್ಳಿಗೆ ದಾಟಿಸುತ್ತದೆ.

ಮುಂದಿನ ಸಲದ ಬಿತ್ತನೆಗೆ ನಾಲ್ಕು ಮಾತು. ಒಟ್ಟಿಗೆ ಎಂಟು ಬಳ್ಳಿ ಹಾಕುವ ಬದಲು ನಾಲ್ಕನ್ನು ಮೊದಲು, ಉಳಿದ ನಾಲ್ಕನ್ನು ಮೂರು ವಾರ ಬಿಟ್ಟು ಹಾಕಿ. ಮೊದಲ ಗುಂಪು ರೋಗಕ್ಕೆ ಸುಸ್ತಾಗುವ ಹೊತ್ತಿಗೆ ಎರಡನೆಯದು ಬಿಡಲು ಶುರುಮಾಡುತ್ತದೆ. ಬೀಜ ನೇರವಾಗಿ ಮಡಿಗೇ ಬಿತ್ತಿ, ಎರಡು ಸೆಂಟಿಮೀಟರ್ ಆಳ. ಸೌತೆಯ ಬೇರಿಗೆ ಕಿತ್ತು ನೆಡುವುದು ಆಗಿಬರುವುದಿಲ್ಲ. ಮಣ್ಣು ಬೆಚ್ಚಗಿರಬೇಕು: 30 ಡಿಗ್ರಿ ಇದ್ದರೆ ಮೂರು ನಾಲ್ಕು ದಿನಕ್ಕೆ ಮೊಳಕೆ, 20 ಇದ್ದರೆ ವಾರ, 15ಕ್ಕಿಂತ ಕೆಳಗಾದರೆ ಬೀಜ ಕೊಳೆಯುವುದೇ ಜಾಸ್ತಿ. ಬಿತ್ತುವ ಮುನ್ನ ಚೆನ್ನಾಗಿ ಕಳಿತ ಗೊಬ್ಬರ ಕೊಡಿ, ಆಮೇಲೆ ಸಾರಜನಕ ಸುರಿಯಬೇಡಿ. ಎಲೆ ಬರುತ್ತದೆ, ಕಾಯಿ ಬರುವುದಿಲ್ಲ.

ಇನ್ನು ಬೀಜ. ಹಳೆ ತಳಿ ಹಾಕಿದ್ದಕ್ಕೆ ಸಿಗುವ ಲಾಭ ಇದೇ. ಹೈಬ್ರಿಡ್ ಕಾಯಿಯಿಂದ ತೆಗೆದ ಬೀಜ ಬಿತ್ತಿದರೆ ಒಂದೊಂದು ಬಳ್ಳಿ ಒಂದೊಂದು ಥರ ಬರುತ್ತದೆ. ಬಾಸ್ಟನ್ ಬೀಜ ಬಿತ್ತಿದರೆ ಬಾಸ್ಟನ್ನೇ ಬರುತ್ತದೆ, ಬೇರೆ ಸೌತೆಯ ಪರಾಗ ಬೀಳದಿದ್ದರೆ. ಬೀಳದೇ ಇರಬೇಕಾದರೆ ಸುತ್ತ 800 ಮೀಟರ್ ದೂರದೊಳಗೆ ಬೇರೆ ತಳಿಯ ಸೌತೆ ಇರಬಾರದು. ಮನೆಗಳ ನಡುವೆ ಅದು ಆಗದ ಮಾತು. ಹಾಗಾಗಿ ಹೂ ಕಟ್ಟುವ ದಾರಿ ಹಿಡಿಯಿರಿ.

ಸಂಜೆ ಬಳ್ಳಿ ನೋಡಿದರೆ ಮರುದಿನ ಅರಳುವ ಮೊಗ್ಗು ಗೊತ್ತಾಗುತ್ತದೆ: ತುದಿಯಲ್ಲಿ ಹಳದಿ ಇಣುಕುತ್ತಿರುತ್ತದೆ, ಆದರೆ ಬಾಯಿ ಬಿಟ್ಟಿರುವುದಿಲ್ಲ. ಅಂಥ ಎರಡು ಹೆಣ್ಣು ಮೊಗ್ಗು, ಐದಾರು ಗಂಡು ಮೊಗ್ಗುಗಳ ತುದಿಗೆ ಕಾಗದದ ಅಂಟುಪಟ್ಟಿ ಸುತ್ತಿ. ಗಂಡು ಹೂವನ್ನು ಬೇರೆ ಬಳ್ಳಿಯಿಂದ ಆರಿಸಿ. ಬೆಳಗ್ಗೆ ಪಟ್ಟಿ ಬಿಚ್ಚಿ, ಮೇಲೆ ಹೇಳಿದ ಹಾಗೆ ಪರಾಗ ತಿಕ್ಕಿ, ಹೆಣ್ಣು ಹೂವಿಗೆ ಮತ್ತೆ ಪಟ್ಟಿ ಸುತ್ತಿಬಿಡಿ. ಬಿಚ್ಚಿದ ಅರೆಗಳಿಗೆಯಲ್ಲೇ ಜೇನು ಬಂದು ಕೂರುವುದುಂಟು. ಕೂತರೆ ಆ ಹೂ ಲೆಕ್ಕಕ್ಕಿಲ್ಲ, ಬೇರೆಯದು ನೋಡಿ. ಆದಮೇಲೆ ತೊಟ್ಟಿಗೆ ಕೆಂಪು ದಾರ ಸಡಿಲವಾಗಿ ಕಟ್ಟಿ. ದಾರ ಕಟ್ಟದೆ, ನೆನಪಿರುತ್ತೆ ಅಂದುಕೊಂಡು ಅದನ್ನೇ ಕಿತ್ತು ಜಾಡಿಗೆ ಹಾಕಿದವರಲ್ಲಿ ನಾನೂ ಒಬ್ಬ.

ಬೀಜದ ಕಾಯಿ ಇದ್ದ ಬಳ್ಳಿ ಮಿಕ್ಕ ಕಾಯಿ ಕಡಿಮೆ ಕೊಡುತ್ತದೆ, ಕಾರಣ ಆಗಲೇ ಹೇಳಿದೆ. ಆದ್ದರಿಂದ ಎಂಟರಲ್ಲಿ ಎರಡು ಬಳ್ಳಿಯನ್ನು ಬೀಜಕ್ಕೆಂದೇ ಬಿಡಿ, ಆರು ಜಾಡಿಗಿರಲಿ. ರೋಗ ಇಲ್ಲದ, ಕಹಿ ಇಲ್ಲದ ಬಳ್ಳಿಯನ್ನೇ ಆರಿಸಿ. ಕಹಿ ನೋಡಲು ಅದರ ಮೊದಲ ಎಳೆಕಾಯಿಯ ತೊಟ್ಟಿನ ಕಡೆಯ ಚೂರು ನಾಲಿಗೆಗೆ ತಾಗಿಸಿದರೆ ಸಾಕು. ಪರಾಗ ಹಾಕಿ ಐದಾರು ವಾರಕ್ಕೆ ಕಾಯಿ ಕಿತ್ತಳೆ ಹಳದಿಯಾಗಿ, ಮೆತ್ತಗಾಗುತ್ತದೆ. ಕಿತ್ತು ಇನ್ನೆರಡು ವಾರ ನೆರಳಲ್ಲಿಟ್ಟು ಸೀಳಿ, ಬೀಜವನ್ನು ಲೋಳೆ ಸಮೇತ ಗಾಜಿನ ಲೋಟಕ್ಕೆ ಹಾಕಿ ಸ್ವಲ್ಪ ನೀರು ಬೆರೆಸಿ. ಎರಡು ಮೂರು ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಮೇಲೆ ನೊರೆ ಕಟ್ಟುತ್ತದೆ. ಗಾಬರಿ ಬೇಡ, ಲೋಳೆ ಬಿಡುತ್ತಿದೆ ಅಷ್ಟೇ. ನೀರು ತುಂಬಿ ಕಲಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳದಲ್ಲಿ ಕೂರುತ್ತದೆ. ತೇಲಿದ್ದನ್ನು ಚೆಲ್ಲಿ ಉಳಿದದ್ದನ್ನು ತೊಳೆದು ತಟ್ಟೆಯ ಮೇಲೆ ಹರಡಿ. ಕಾಗದದ ಮೇಲೆ ಬೇಡ, ಕಚ್ಚಿಕೊಂಡರೆ ಬಿಡಿಸಲಾಗದು. ನೆರಳಲ್ಲಿ ಗಾಳಿಗೆ ಒಣಗಿಸಿ. ಬೀಜ ಬಾಗದೆ ಪಟ್ ಎಂದು ಮುರಿದರೆ ಒಣಗಿದೆ ಅಂತ ಅರ್ಥ. ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿಟ್ಟರೆ ಐದು ವರ್ಷವಾದರೂ ಮೊಳೆಯುತ್ತದೆ. ಡಬ್ಬಿಯ ಮೇಲೆ ತಳಿಯ ಹೆಸರು, ವರ್ಷ ಬರೆದಿಡಿ. ಈಗ ಕೈಯಲ್ಲಿರುವ ಬೀಜದ ಪೊಟ್ಟಣದಲ್ಲಿ ನಾಲ್ಕಾದರೂ ಕಾಳು ಉಳಿಸಿಕೊಳ್ಳಿ. ಮುಂದಿನ ಸಲ ನಿಮ್ಮ ಬೀಜದ ಪಕ್ಕದಲ್ಲೇ ಅದನ್ನೂ ಬಿತ್ತಿದರೆ, ಬೆರಕೆ ಆಗಿದೆಯೋ ಇಲ್ಲವೋ ಎಂಬುದು ಮೊದಲ ಕಾಯಿಯ ಆಕಾರ, ಮುಳ್ಳಿನ ಬಣ್ಣ ನೋಡಿದರೇ ತಿಳಿಯುತ್ತದೆ.